ಗಿಡಕ್ಕೆ ಹಚ್ಚಿದ ಬಾಟಲಿ

ಹೆರಿಗೆ ಕೋಣೆಯ ಪಶ್ಚಿಮದ ಗೋಡೆಯನ್ನು ಬೇಸಿಗೆಯ ಮಧ್ಯಾಹ್ನ ಬರಿಗೈಯಲ್ಲಿ ಮುಟ್ಟಲಾಗುತ್ತಿರಲಿಲ್ಲ. ಮೇಲೆ ತಗಡು, ಪಕ್ಕದಲ್ಲಿ ಸುಡುವ ಗೋಡೆ, ಹೊರಗೆ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆಮಣ್ಣಿನ ಹೊಲ. ಕುರುಗೋಡಿನಿಂದ ಸಿರುಗುಪ್ಪದ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗಿದ್ದ ಒಂದು ಸಣ್ಣ ಸರ್ಕಾರಿ ದವಾಖಾನೆ ಅದು. ನಾನು ಅಲ್ಲಿ ಕಂಪೌಂಡರ್. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಊರಿನ ಹೆಸರನ್ನು ಬಿಡುತ್ತೇನೆ. ಅಲ್ಲಿಯ ಜನ ಈ ಕಥೆಯನ್ನು ಬೇರೆ ರೀತಿ ಹೇಳುತ್ತಾರೆ, ಅವರೊಡನೆ ಮತ್ತೆ ಜಗಳಕ್ಕೆ ನಿಲ್ಲುವ ಶಕ್ತಿ ನನಗಿಲ್ಲ.

ಒಂದು ಬೇಸಿಗೆಯಲ್ಲಿ ನಡೆದದ್ದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಒಂದು ಸಾಲು ಗಿಡಗಳಿಗಾಗಿ ನಾವು ಅಷ್ಟು ಒದ್ದಾಡಿದ್ದೇಕೆ ಎಂದು ತಿಳಿಯುವುದಿಲ್ಲ. ಬೆಳಿಗ್ಗೆ ಹೆರಿಗೆಯಾದ ಒಬ್ಬಳನ್ನು ಮನೆಯವರು ಮಧ್ಯಾಹ್ನವೇ ಬಂಡಿಯಲ್ಲಿ ಮಲಗಿಸಿಕೊಂಡು ಹೊರಟರು. "ಈ ಕುಲುಮಿಯೊಳಗ ಬಾಣಂತಿನ ಇಟ್ಟು ಬೇಯಿಸ್ತೀರೇನು?" ಎಂದು ಅವಳ ತಾಯಿ ಕೇಳಿದಳು. ಕೋಣೆ ಕುಲುಮೆಯಂತೆಯೇ ಇತ್ತು. ನರ್ಸಮ್ಮ ರಸ್ತೆಯವರೆಗೆ ಬಂಡಿಯ ಹಿಂದೆ ನಡೆದು, ಇವತ್ತೊಂದು ದಿನ ಇರಲಿ ಎಂದು ಕೇಳಿಕೊಂಡರು. ಸಂಜೆಗೆ ಅದೇ ಬಂಡಿ ತಿರುಗಿ ಬಂತು. ದಾರಿಯಲ್ಲಿ ರಕ್ತಸ್ರಾವ ಶುರುವಾಗಿತ್ತು. ಬಂಡಿಯಲ್ಲಿ ಹಾಸಿದ್ದ ಹುಲ್ಲು ತೊಯ್ದಿತ್ತು. ಕೂಸು ಅಳುತ್ತಿತ್ತು. ಕೂಸಿನ ತಾಯಿ ಬದುಕಿರಲಿಲ್ಲ. ಬಂಡಿಯ ಹಿಂದಿನ ಹಲಗೆಯನ್ನು ತೆಗೆದವನು ನಾನು.

ಆಗ ನಮ್ಮಲ್ಲಿದ್ದ ಡಾಕ್ಟರು ಮೈಸೂರಿನ ಕಡೆಯ, ಇನ್ನೂ ಮದುವೆಯಾಗದ ಯುವಕ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆಗಿದ್ದು ದಿನಾ ಬಸ್ಸಿಗೆ ಬರುತ್ತಿದ್ದರು. ಆ ಸಾವಿನ ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಬಂದವರೇ ಪಶ್ಚಿಮದ ಗೋಡೆಯ ಮುಂದೆ ನಿಂತು ಹೇಳಿದರು: "ಇಲ್ಲಿ ನೆರಳು ಬೇಕು ಕಣ್ರೀ. ಫ್ಯಾನ್ ಕೇಳಿದ್ರೆ ಕರೆಂಟ್ ಬರಲಿ ಅಂತಾರೆ. ಹೆಂಚು ಕೇಳಿದ್ರೆ ಮುಂದಿನ ವರ್ಷ ಅಂತಾರೆ. ಗಿಡ ನೆಡೋಕೆ ಯಾರನ್ನ ಕೇಳಬೇಕು?"

ಯಾರನ್ನೂ ಕೇಳಬೇಕಾಗಿರಲಿಲ್ಲ. ಮಳೆಗಾಲದಲ್ಲಿ ಗೋಡೆಯಿಂದ ಒಂದು ಆಳುದ್ದ ದೂರ ಬಿಟ್ಟು ಹೊಂಗೆ, ಬೇವು ನೆಟ್ಟೆವು. ಸಂಕ್ರಾಂತಿಯವರೆಗೆ ಚೆನ್ನಾಗಿಯೇ ಇದ್ದವು. ಶಿವರಾತ್ರಿ ಕಳೆದ ಮೇಲೆ ಎಲೆಗಳು ಅಂಚಿನಿಂದ ಸುಡತೊಡಗಿದವು.

ಎರೆ ಭೂಮಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಯಲ್ಲಿ ಅದು ಉಬ್ಬಿ ಚಪ್ಪಲಿಯನ್ನು ಕಿತ್ತುಕೊಳ್ಳುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಇಳಿಸುವಷ್ಟು ಅಗಲದ ಬಿರುಕು ಬಿಡುತ್ತದೆ. ಗಿಡದ ಬುಡಕ್ಕೆ ಒಂದು ಬಕೆಟ್ ನೀರು ಸುರಿದರೆ ಅದು ಬಿರುಕು ಹಿಡಿದು ಗಳಗಳನೆ ಇಳಿದುಹೋಗುತ್ತಿತ್ತು. ಬೇರು ಇದ್ದಲ್ಲಿ ಮಣ್ಣು ಒಣಗಿದ್ದು ಒಣಗಿದ ಹಾಗೇ. ಇನ್ನು ನೀರಾದರೂ ಎಲ್ಲಿತ್ತು? ನಮ್ಮ ಬಾವಿಯದು ಸವಳು. ಅದನ್ನು ಹಾಕಿದ ಗಿಡ ಇನ್ನೂ ಬೇಗ ಸತ್ತಿತು. ಸಿಹಿನೀರು ಕಾಲುವೆಯ ಕಡೆಯಿಂದ ಬಂಡಿಯ ಮೇಲೆ ಪೀಪಾಯಿಯಲ್ಲಿ ಬರುತ್ತಿತ್ತು. ಕಾಲುವೆ ನಿಂತ ಮೇಲೆ ಊರ ಕೆರೆಯ ತಳದಿಂದ ಬರುತ್ತಿತ್ತು. ಆ ಪೀಪಾಯಿಯ ಒಡತಿ ನಮ್ಮ ಆಯಾ. ಅದರ ಮುಚ್ಚಳದ ಮೇಲೆ ಒಂದು ಕಲ್ಲು ಹೇರಿ, ಎದುರಿಗೇ ಕೂತಿರುತ್ತಿದ್ದಳು.

"ಒಂದು ಕೊಡ ಕೊಡು, ಗಿಡಕ್ಕ," ಎಂದರೆ ಅವಳ ಉತ್ತರ ಸಿದ್ಧವಿರುತ್ತಿತ್ತು. "ಮಂದಿ ಬಾಯಿ ತೊಳಿಯಾಕ ನೀರಿಲ್ಲ, ನಿಮ್ಮ ಗಿಡ ಸ್ನಾನ ಮಾಡ್ತಾವನು? ಸುರುವಿದ್ದು ಪಾತಾಳಕ್ಕ ಹೋಗತೈತಿ. ಪಾತಾಳದಾಗ ಯಾರದಾರ, ನಿಮ್ಮ ಬೀಗರೇನು?"

ಆ ಸಾಲು ಪೂರ್ತಿ ಸತ್ತಿತು. ಮುಂದಿನ ಮಳೆಗೆ ಮತ್ತೆ ನೆಟ್ಟೆವು.

ಆ ವರ್ಷ ಡಾಕ್ಟರಿಗೆ ಬಾಟಲಿಯ ಯೋಚನೆ ಬಂತು. ಕಂಟೋನ್ಮೆಂಟಿನ ಮನೆಯ ಹಿತ್ತಲಲ್ಲಿ ಅವರದೊಂದು ನಿಂಬೆ ಗಿಡವಿತ್ತು. ರಜೆಯ ಮೇಲೆ ಊರಿಗೆ ಹೋಗುವಾಗ, ಖಾಲಿ ಸಲೈನ್ ಬಾಟಲಿಯೊಂದಕ್ಕೆ ನೀರು ತುಂಬಿ, ಹಳೆಯ ರಬ್ಬರ್ ನಳಿಗೆ ಸಿಕ್ಕಿಸಿ, ಹನಿ ಹನಿಯಾಗಿ ಬುಡಕ್ಕೆ ಬೀಳುವಂತೆ ಕಟ್ಟಿಟ್ಟು ಹೋಗಿದ್ದರು. ಖಾಲಿಯಾದಾಗ ತುಂಬಲು ಪಕ್ಕದ ಮನೆಯವರಿಗೆ ಹೇಳಿದ್ದರು. ಬಂದು ನೋಡಿದರೆ ಗಿಡ ಚಿಗುರಿತ್ತು. ಮರುದಿನ ಬಸ್ಸಿನಿಂದ ಗೋಣಿಚೀಲವೊಂದನ್ನು ಗಲಗಲ ಅನ್ನಿಸುತ್ತ ಇಳಿಸಿಕೊಂಡರು. ಆಗೆಲ್ಲ ಸಲೈನ್ ಬರುತ್ತಿದ್ದುದು ಗಾಜಿನ ಬಾಟಲಿಯಲ್ಲಿ. ನಳಿಗೆಗಳು ರಬ್ಬರಿನವು, ಕುದಿಸಿ ಮತ್ತೆ ಬಳಸುತ್ತಿದ್ದೆವು. ಬಿರುಕು ಬಿಟ್ಟು ಅಂಟಂಟಾದ ಮೇಲೆ ಎಸೆಯುತ್ತಿದ್ದೆವು. ಅಂಥ ಎಸೆದವೇ ಚೀಲದಲ್ಲಿದ್ದವು.

"ನಿಮ್ಮ ಕೈಗೆ ಕೊಡ್ತಾ ಇದೀನಿ," ಎಂದರು. "ಹನಿ ಎಣಿಸೋದು ನಿಮಗೇ ಚೆನ್ನಾಗಿ ಗೊತ್ತು."

ಪ್ರತಿ ಗಿಡದ ಪಕ್ಕ ಒಂದು ಗೂಟ ನೆಟ್ಟೆ. ಬಾಟಲಿಯನ್ನು ತಲೆಕೆಳಗಾಗಿ ಬ್ಯಾಂಡೇಜ್ ಬಟ್ಟೆಯ ಜೋಳಿಗೆಯಲ್ಲಿ ಗೂಟಕ್ಕೆ ಕಟ್ಟಿದೆ. ರಬ್ಬರ್ ಬಿರಡೆಗೆ ಎರಡು ಸೂಜಿ: ಒಂದು ನೀರು ಇಳಿಯಲು, ಇನ್ನೊಂದು ಉದ್ದನೆಯದು, ಗಾಳಿ ಒಳಗೆ ಹೋಗಲು. ಗಾಳಿ ಹೋಗದೆ ನೀರು ಇಳಿಯುವುದಿಲ್ಲ. ನಳಿಗೆಯ ಮಧ್ಯೆ ತಿರುಪಿನ ಹಿಡಿಕೆ. ಅದನ್ನು ಬಿಗಿ ಮಾಡಿದರೆ ಹನಿ ನಿಧಾನ, ಸಡಿಲ ಮಾಡಿದರೆ ಜೋರು. ನಳಿಗೆಯ ತುದಿ ಬೇರಿನ ಬಳಿ ನೆಲದೊಳಗೆ. ಕೆಲಸ ಮುಗಿಸಿ ನಿಂತು ನೋಡಿದಾಗ, ಇದು ಆಗುತ್ತದೆ ಅನ್ನಿಸಿತು. ಕಂಟೋನ್ಮೆಂಟಿನದು ಬಿರುಕು ಬಿಡದ ಗರಸು ನೆಲ, ತಿಳಿಯಾದ ನಲ್ಲಿಯ ನೀರು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಮೊದಲು ಕೆಟ್ಟದ್ದು ನೀರಿನಿಂದ. ಕೆರೆಯ ತಳದ ನೀರು ಚಹಾದ ಬಣ್ಣದ್ದು. ಅರ್ಧ ದಿನದಲ್ಲಿ ಸೂಜಿಗೆ ಕೆಸರು ಕಟ್ಟಿ ಹನಿ ನಿಂತುಹೋಯಿತು. ಪಟಿಕ ತಿರುವಿ ತಿಳಿಯಾಗಲು ಬಿಟ್ಟೆ, ಮೇಲಿನ ನೀರನ್ನು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯಲ್ಲಿ ಸೋಸಿದೆ. ಆಮೇಲೆ ಎರಡು ದಿನ ನಡೆಯಿತು. ನಂತರ ಗಾಳಿಯ ಸೂಜಿಗಳು ಕಟ್ಟಿಕೊಂಡವು. ಏನೆಂದು ಬಿಚ್ಚಿ ನೋಡಿದರೆ ಇರುವೆ. ತೇವ ಹುಡುಕಿಕೊಂಡು ಬಂದು ಸೂಜಿಯೊಳಗೆ ಹೊಕ್ಕು ಅಲ್ಲೇ ಸತ್ತಿದ್ದವು. ಸೂಜಿಯ ಬಾಯಿಗೆ ಹತ್ತಿ ಇಟ್ಟೆ. ಹತ್ತಿಗೆ ರಸ್ತೆಯ ಧೂಳು ಮೆತ್ತಿ ಗಾಳಿಯೇ ಹೋಗದಾಯಿತು. ಹತ್ತಿ ತೆಗೆದೆ. ಇರುವೆ ಬಂದವು.

ಬಿಸಿಲಿನ ಲೆಕ್ಕ ಬೇರೆ. ಬೆಳಿಗ್ಗೆ ನಿಧಾನಕ್ಕೆ ಹೊಂದಿಸಿಟ್ಟ ಹನಿ ಮಧ್ಯಾಹ್ನಕ್ಕೆ ಜೋರಾಗಿರುತ್ತಿತ್ತು. ರಬ್ಬರು ಕಾದು ಮೆತ್ತಗಾಗಿ ಹಿಡಿಕೆ ಸಡಿಲವಾಗುತ್ತಿತ್ತು. ಬಾಟಲಿಯೊಳಗಿನ ಗಾಳಿಯೂ ಕಾದು ಹಿಗ್ಗಿ ನೀರನ್ನು ದೂಡುತ್ತಿತ್ತು. ಹಗಲಿಡೀ ಬರಬೇಕಾದ ನೀರು ಊಟದ ಹೊತ್ತಿಗೇ ಮುಗಿದಿರುತ್ತಿತ್ತು. ಇತ್ತ ಬಿಸಿಲಿಗೆ ಒಳಗೆ ಹಸಿರು ಪಾಚಿ ಬೇರೆ. ಹಳೆಯ ಖಾಕಿ ಬಟ್ಟೆಯ ತುಂಡನ್ನು ಬಾಟಲಿಗೆ ಸುತ್ತಿ ಹೊಲಿಸಿದೆ. ಪಾಚಿ ಕಡಿಮೆಯಾಯಿತು. ಆದರೆ ನೀರು ಎಷ್ಟಿದೆ ಎಂದು ಕಾಣದಾಯಿತು. ಪ್ರತಿ ಸಲ ಬಟ್ಟೆ ಸರಿಸಿ ನೋಡಬೇಕು.

ಇಷ್ಟೆಲ್ಲ ಆದ ಮೇಲೂ ಗಿಡದ ಬುಡ ಒಣಗಿಯೇ ಇತ್ತು. ಹನಿಯೂ ಬಿರುಕು ಹಿಡಿದು ಇಳಿಯುತ್ತಿತ್ತು, ಬಕೆಟ್ಟಿನ ನೀರಿನಷ್ಟೇ ನಿಷ್ಠೆಯಿಂದ. ಕೊನೆಗೆ ಒಂದೊಂದೇ ಗಿಡದ ಸುತ್ತ ಬೇರಿಗೆ ಪೆಟ್ಟಾಗದಂತೆ ಅಗೆದು, ಎರೆ ತೆಗೆದು, ಹಳ್ಳದ ಮರಳು, ಕುರಿಗೊಬ್ಬರ ಬೆರೆಸಿ ತುಂಬಿದೆ. ನಳಿಗೆಯ ತುದಿಗೆ ಗೋಣಿಯ ಬತ್ತಿ ಸುತ್ತಿದೆ, ಹನಿ ಒಂದೇ ಕಡೆ ಬೀಳದೆ ಹರಡಲಿ ಎಂದು. ಮೇಲೆ ಭತ್ತದ ಹೊಟ್ಟು ಹಾಸಿದೆ. ಹೊಟ್ಟನ್ನು ಸಿರುಗುಪ್ಪದ ಅಕ್ಕಿ ಗಿರಣಿಯಿಂದ ಲಾರಿಯವನೊಬ್ಬ ತಂದು ಇಳಿಸಿದ್ದ. ಮೊದಲ ಸುಂಟರಗಾಳಿಗೆ ಹೊಟ್ಟು ಹೆರಿಗೆ ಕೋಣೆಯ ಒಳಗೆ ಬಿತ್ತು. ನರ್ಸಮ್ಮ ಕಸಬರಿಗೆಯನ್ನು ನನ್ನ ಕೈಗೆ ಕೊಟ್ಟರು. ಹೊಟ್ಟಿನ ಬದಲು ಹತ್ತಿಕಟ್ಟಿಗೆ ಮುರಿದು ಹಾಕಿದೆ. ಅದು ನಿಂತಿತು. ಗೋಣಿಯ ಬತ್ತಿಯನ್ನು ಗೆದ್ದಲು ತಿಂದಿತು.

ಬಾಟಲಿಗಳೂ ಕಾಣೆಯಾಗುತ್ತಿದ್ದವು. ಗಟ್ಟಿ ಗಾಜು, ಬಿಗಿ ಬಿರಡೆ. ಸೀಮೆಎಣ್ಣೆಗೆ ಇದಕ್ಕಿಂತ ಒಳ್ಳೆಯ ಬಾಟಲಿ ಯಾವ ಮನೆಯಲ್ಲಿತ್ತು? ಬೆಳಿಗ್ಗೆ ಬಂದರೆ ಗೂಟಕ್ಕೆ ಜೋಳಿಗೆ ಮಾತ್ರ ನೇತಾಡುತ್ತಿತ್ತು. ರಸ್ತೆಯಲ್ಲಿ ಹೋಗುವವರ ಚೇಷ್ಟೆ ಬೇರೆ.

"ಏನ್ರೀ ಕಂಪೌಂಡರ, ಬೇವಿನ ಗಿಡಕ್ಕ ಜ್ವರ ಬಂದಾವೇನು?"

"ನಾಡಿ ಹಿಡದು ನೋಡ್ರಿ, ಹೊಂಗಿಗೆ ಗರ್ಭ ನಿಂತಿರಬೇಕು."

"ಲೇ, ಸುಮ್ಮನಿರಲೇ, ಸೂಜಿ ಹಿಡಕೊಂಡಾರ. ನಿನಗೂ ಚುಚ್ಚಿಗಿಚ್ಚಿಯಾರು!"

ನಾನು ನಗುತ್ತಿರಲಿಲ್ಲ. ಬೆಳಗಿನ ಹೊರರೋಗಿಗಳ ಸಾಲು ಮುಗಿಸಿ, ಮಿಕ್ಸ್ಚರ್ ಕಲಸಿಟ್ಟು, ಆ ಬಿಸಿಲಲ್ಲಿ ಸಾಲು ಹಿಡಿದು ಸೂಜಿಯ ಇರುವೆ ಊದುತ್ತ ಹೋಗುವಾಗ ನಗು ಬರುವುದಿಲ್ಲ. ಸಂಜೆ ಎಷ್ಟೋ ಸಲ ಡಾಕ್ಟರಿಗೆ, ಸಾಕು ಸಾರ್, ಬಿಟ್ಟುಬಿಡೋಣ ಎಂದಿದ್ದೇನೆ. ಅವರು ಹೆರಿಗೆ ಕೋಣೆಯ ಕಡೆ ನೋಡುತ್ತಿದ್ದರು, ಅಷ್ಟೇ. ನನಗೆ ಬಂಡಿಯ ಹಲಗೆ ನೆನಪಾಗುತ್ತಿತ್ತು. ಮರುದಿನ ಮತ್ತೆ ಸೋಸುತ್ತಿದ್ದೆ.

ಯುಗಾದಿಯ ಹೊತ್ತಿಗೆ ಹೊಂಗೆಗಳು ಚಿಗುರಿದವು. ಸುತ್ತ ಎಲ್ಲ ಬೂದುಬಣ್ಣವಾಗಿದ್ದಾಗ ನಮ್ಮ ಸಾಲಿನಲ್ಲಿ ಆ ಎಳೆ ಹಸಿರು ಮಿಂಚುತ್ತಿತ್ತು. ಆಯಾ ಕೂಡ ಒಂದು ಕೊಡ ನೀರನ್ನು ತಾನೇ ತಂದು, ಯಾರೂ ನೋಡುತ್ತಿಲ್ಲವೆಂದುಕೊಂಡು ನನ್ನ ಸೋಸುವ ಪಾತ್ರೆಗೆ ಸುರಿದು ಹೋದಳು.

ಆಮೇಲೆ ವಾಂತಿಭೇದಿ ಶುರುವಾಯಿತು.

ಕೆರೆಯ ನೀರು ತಳ ಕಂಡಿತ್ತು. ಅದನ್ನೇ ಸುತ್ತಲಿನ ಹಳ್ಳಿಗಳೂ ಕುಡಿಯುತ್ತಿದ್ದವು. ದಿನಕ್ಕೊಂದು ಎರಡು ಬರುತ್ತಿದ್ದ ಬಂಡಿಗಳು ಸಾಲುಗಟ್ಟಿದವು. ಇದ್ದ ಸಲೈನ್ ಮುಗಿಯುತ್ತ ಬಂತು. ಬಳ್ಳಾರಿಗೆ ಸುದ್ದಿ ಕಳಿಸಿದ್ದೆವು. ವ್ಯಾನು ಬರುತ್ತದೆ ಎಂಬ ಉತ್ತರ ಬಂದಿತ್ತು, ವ್ಯಾನು ಬಂದಿರಲಿಲ್ಲ. ಕೊನೆಯ ಬಾಟಲಿಯನ್ನು ಬೆಳಿಗ್ಗೆ ಒಬ್ಬ ಮುದುಕನಿಗೆ ಹಚ್ಚಿದ್ದೆವು. ಅದು ಇನ್ನೂ ಇಳಿಯುತ್ತಿರುವಾಗ ಒಬ್ಬ ತನ್ನ ಹೆಂಡತಿಯನ್ನು ತೋಳಿನಲ್ಲಿ ಎತ್ತಿಕೊಂಡು ಒಳಗೆ ಬಂದ. ಎತ್ತರದ ಆಳು, ಹೊಲದ ಕೆಲಸದವನು. ಹೆಂಡತಿಗೆ ಮೂರು ತಿಂಗಳ ಕೂಸು ಇತ್ತು. ಅದನ್ನು ಹಿಂದೆ ಬಂದ ಯಾರೋ ಎತ್ತಿಕೊಂಡಿದ್ದರು. ಅವಳ ಕಣ್ಣು ಗುಳಿಬಿದ್ದಿದ್ದವು. ಹೊಟ್ಟೆಯ ಚರ್ಮವನ್ನು ಡಾಕ್ಟರು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿತು.

"ಬಾಟ್ಲಿ ಹಚ್ಚ್ರಿ," ಎಂದ ಗಂಡ.

ಡಾಕ್ಟರು ಸಲೈನ್ ಮುಗಿದಿದೆ, ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸೋಣ, ಅದೂ ಅದೇ ಕೆಲಸ ಮಾಡುತ್ತದೆ ಎಂದರು. ಜನಕ್ಕೆ ಇದಕ್ಕಿಂತ ಕೆಟ್ಟ ಮಾತಿರಲಿಲ್ಲ. ಭೇದಿ ಆಗುವವರಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಊರೂರಲ್ಲೂ ಗಂಟಲು ಒಣಗಿಸಿಯೇ ಇಡುತ್ತಿದ್ದರು.

"ಮನ್ಯಾಗ ಒಂದು ಹನಿ ನೀರು ಕೊಡದಂಗ ಕಾಪಾಡಿಕೊಂಡು ಬಂದೀನ್ರಿ," ಎಂದ ಅವನು. "ನೀವು ನೀರು ಕುಡಸ್ತೀನಿ ಅಂತೀರಲ್ಲ. ನೀರು ಕುಡಸಾಕ ದವಾಖಾನಿಗೆ ಬರಬೇಕೇನು?"

ಬಂಡಿ ತಿರುಗಿಸಿ ಬಳ್ಳಾರಿಗೆ ಹೋಗುತ್ತೇನೆಂದು ಹೊರಗೆ ಹೋದ. ಕಟ್ಟಡದ ಮಗ್ಗುಲಿಗೆ ಎತ್ತುಗಳನ್ನು ನಿಲ್ಲಿಸಿದ್ದ. ಅಲ್ಲಿಂದ ಅವನಿಗೆ ಪಶ್ಚಿಮದ ಸಾಲು ಕಂಡಿರಬೇಕು. ನಾನು ಔಷಧದ ಕಿಟಕಿಯಲ್ಲಿದ್ದೆ. ಗೂಟ ಕೀಳುವ ಸದ್ದು ಕೇಳಿಸಿತು. ಅವನು ಗೂಟ, ಬಾಟಲಿ, ಜೋತುಬಿದ್ದ ನಳಿಗೆ, ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡು ಒಳಗೆ ಬಂದು ಡಾಕ್ಟರ ಮುಂದೆ ನಿಂತ. ನಳಿಗೆಯಿಂದ ಇನ್ನೂ ಹನಿ ಬೀಳುತ್ತಿತ್ತು.

"ಇದೇನ್ರಿ?"

ಡಾಕ್ಟರು, ಅದು ಬರೀ ಕೆರೆ ನೀರು ಎಂದರು. ಖಾಕಿ ಬಟ್ಟೆ ಸರಿಸಿ ತೋರಿಸಿದರು. ಬಿರಡೆ ಕಿತ್ತು ನೆಲದ ಮೇಲೆ ಸುರಿದರು. ಮಾಸಲು ನೀರು, ಸತ್ತ ಇರುವೆ. ಬಾಗಿಲಲ್ಲಿ ಜನ ಸೇರಿದ್ದರು.

"ಮುಚ್ಚಿಟ್ಟಾರ ನೋಡು, ಅರಿವಿ ಸುತ್ತಿ," ಎಂದ ಒಬ್ಬ.

"ಮಂದಿಗೆ ಇಲ್ಲ ಅಂತಾರ, ಗಿಡಕ್ಕ ಸಾಲು ಹಿಡದು ಹಚ್ಚ್ಯಾರ."

"ನೀರಾದ್ರ ಸೂಜಿ ಯಾಕ ಬೇಕು? ನಮ್ಮ ಹೊಲಕ್ಕ ನಾವು ಸೂಜಿಲೆ ನೀರು ಬಿಡ್ತೀವೇನು?"

ಆ ಪ್ರಶ್ನೆಗೆ ಉತ್ತರವಿತ್ತು. ಗಾಳಿಯ ಸೂಜಿ, ಹನಿಯ ಸೂಜಿ, ಬಿರುಕು, ಮರಳು, ಎಲ್ಲ ನನ್ನ ಬಾಯಿಯವರೆಗೆ ಬಂತು. ಗಂಡ ಕೂಗಾಡುತ್ತಿರಲಿಲ್ಲ. ಬಹಳ ಮೆಲ್ಲಗೆ ಕೇಳಿದ:

"ನನ್ನ ಹೇಣ್ತಿ ಗಿಡಕ್ಕಿಂತ ಕಡಿಮಿ ಏನ್ರಿ, ಡಾಕ್ಟ್ರ?"

 ಅವನು ಹೆಂಡತಿಯ ಕಂಕುಳ ಕೆಳಗೆ ಕೈ ಹಾಕಿದ, ಎತ್ತಲು. ಆ ಬಿಸಿಲಲ್ಲಿ ಬಳ್ಳಾರಿಯವರೆಗೆ ಬಂಡಿ. ಬಂಡಿ ಹೊರಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು.  ಔಷಧದ ಕೋಣೆಯ ಬಾಗಿಲಿಗೆ ಬಂದು ಹೇಳಿದೆ:

"ತಡೀರಿ. ಬಾಟ್ಲಿ ಹಚ್ಚತೀನಿ."

ಮಿಕ್ಸ್ಚರ್ ಕಲಸಲು ಕುದಿಸಿ ಆರಿಸಿದ ನೀರು ನನ್ನಲ್ಲಿ ಯಾವಾಗಲೂ ಇರುತ್ತಿತ್ತು. ತೊಳೆದಿಟ್ಟ ಬಾಟಲಿ ಇತ್ತು. ರೋಗಿಗಳಿಗೆಂದೇ ಕುದಿಸಿಟ್ಟ ಒಳ್ಳೆಯ ನಳಿಗೆಗಳಿದ್ದವು. ಇಲ್ಲದ್ದು ಸಲೈನ್ ಮಾತ್ರ. ಡಾಕ್ಟರು ಹೇಳಿದ ಅಳತೆಯಲ್ಲಿ ಉಪ್ಪು, ಆಯಾಳ ಚಹಾದ ಡಬ್ಬಿಯಿಂದ ಸಕ್ಕರೆ. ಗಂಡನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಅವನ ಕಣ್ಣೆದುರಿಗೇ ಕಲಸಿದೆ. ಬಾಟಲಿಯನ್ನು ಕಬ್ಬಿಣದ ಸ್ಟ್ಯಾಂಡಿಗೆ ತೂಗುಹಾಕಿದೆ. ನಳಿಗೆಯ ತುದಿಗೆ ಸೂಜಿ ಹಾಕಲಿಲ್ಲ. ಅವಳ ತಲೆಯನ್ನು ನರ್ಸಮ್ಮ ತಮ್ಮ ತೊಡೆಯ ಮೇಲೆ ಎತ್ತಿ ಇಟ್ಟುಕೊಂಡರು. ನಳಿಗೆಯನ್ನು ತುಟಿಯ ಕೊನೆಗೆ ಇಟ್ಟು ಹಿಡಿಕೆ ಸಡಿಲಿಸಿದೆ.

"ಸೂಜಿ ಎಲ್ಲೈತ್ರಿ?" ಎಂದ ಗಂಡ.

"ಇದು ಬಾಯಿಲೆ ಇಳಿಯೋದು. ಉಪ್ಪು, ಸಕ್ಕರಿ, ನೀರು. ನೋಡಿರಲ್ಲ, ನಿಮ್ಮ ಮುಂದನ ಕಲಸೀನಿ."

ಅವನು ನನ್ನ ಮಾತನ್ನು ಕೇಳಿಸಿಕೊಂಡನೋ ಇಲ್ಲವೋ. ಅವನ ಕಣ್ಣು ಬಾಟಲಿಯ ಮೇಲಿತ್ತು. ಮೇಲೆ ಬಾಟಲಿ, ಕೆಳಗೆ ನಳಿಗೆ, ನಡುವೆ ಬೀಳುವ ಹನಿ. ಎತ್ತಲು ಹಾಕಿದ್ದ ಕೈಯನ್ನು ತೆಗೆದು ನೆಲದ ಮೇಲೆ ಕೂತ.

ಮೊದಲ ಸಲ ಅವಳು ಎಲ್ಲವನ್ನೂ ಕಾರಿದಳು. ಬಾಗಿಲಲ್ಲಿದ್ದವರು ಗೊಣಗಿದರು. ಹನಿ ಇನ್ನೂ ನಿಧಾನ ಮಾಡಿದೆ, ಹೊಂಗೆಗೆ ಬಿಡುವುದಕ್ಕಿಂತಲೂ ನಿಧಾನ. ನರ್ಸಮ್ಮನ ತೊಡೆ ಜೋಮು ಹಿಡಿದಾಗ ಆಯಾ ಕೂತಳು. ನಾನು ಹಿಡಿಕೆಯನ್ನು ಬಿಡಲಿಲ್ಲ. ಹೊತ್ತು ಇಳಿಯುವಾಗ ಅವಳು ನಳಿಗೆಯನ್ನು ತುಟಿಗಳಿಂದ ತಾನೇ ಹಿಡಿದುಕೊಂಡು ಚೀಪತೊಡಗಿದಳು. ಆಗ ಡಾಕ್ಟರು ಎದ್ದು ಹೊರಗೆ ಹೋದರು. ವ್ಯಾನು ಬಂದದ್ದು ಮರುದಿನ. ಅಷ್ಟರಲ್ಲಿ ಅವಳು ಕೂಸಿಗೆ ಮೊಲೆ ಕೊಟ್ಟಿದ್ದಳು.

ವ್ಯಾನು ಬರುವ ಮೊದಲೇ, ಆ ಬೆಳಿಗ್ಗೆ, ನಾನು ಪಶ್ಚಿಮದ ಸಾಲಿನ ಬಾಟಲಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದೆ. ಬಿಸಿಲು ನೆತ್ತಿಗೇರುವ ತಿಂಗಳು. ಆಗ ನಿಲ್ಲಿಸಿದರೆ ಗಿಡಗಳ ಗತಿ ಏನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟರು ಬಂದವರೇ ತಡೆದರು.

"ಏನು ತಪ್ಪು ಮಾಡಿದೀವಿ ಅಂತ ತೆಗೀತಾ ಇದೀರಿ? ಕೆರೆ ನೀರು ತಾನೆ?"

"ತಪ್ಪಿಲ್ಲ ಸಾರ್."

"ಮತ್ತೆ?"

"ನಿನ್ನೆ ಆ ಮನಷ್ಯಾ ಬಾಟ್ಲಿ ಹಿಡಕೊಂಡು ನಮ್ಮ ಹತ್ರ ಬಂದ. ನಾಳೆ ಇನ್ನೊಬ್ಬ ನಮ್ಮ ಹತ್ರ ಬರದ, ತಾನ ಕಿತ್ತುಕೊಂಡು ಹೋಗಿ ಮನ್ಯಾಗ ಹಚ್ಚಿದ್ರ? ಸೂಜಿನೂ ಅದರಾಗ ಐತಿ."

ಡಾಕ್ಟರು ಕೊನೆಯ ಗೂಟವನ್ನು ತಾವೇ ಕಿತ್ತರು. ನಳಿಗೆಗಳನ್ನು ಕತ್ತರಿಸಿ ಸುಟ್ಟೆವು. ಬಾಟಲಿಗಳನ್ನು ಕಲ್ಲಿನ ಮೇಲೆ ಒಡೆದು ಗುಂಡಿಯಲ್ಲಿ ಮುಚ್ಚಿದೆವು. ಆಯಾ ಗಾಜು ಒಡೆಯುವ ಪ್ರತಿ ಸದ್ದಿಗೂ, "ಅಯ್ಯಯ್ಯ, ಎಂಥಾ ಎಣ್ಣಿ ಬಾಟ್ಲಿ, ಎಂಥಾ ಎಣ್ಣಿ ಬಾಟ್ಲಿ," ಎಂದು ಹಲುಬಿದಳು.

ಆ ಬೇಸಿಗೆಯಲ್ಲಿ ಬೇವುಗಳು ಹೇಗೋ ಉಳಿದವು. ಹೊಂಗೆಗಳಲ್ಲಿ ಬಾಗಿಲ ಬದಿಯ ಎರಡು ಮಾತ್ರ ಉಳಿದವು. ನಾನು ಕುರುಗೋಡಿನ ಸಂತೆಯಿಂದ ಹೊಸ ಮಡಕೆ ತಂದು ಅವುಗಳ ಬುಡದಲ್ಲಿ ಕಂಠದವರೆಗೆ ಹೂತೆ. ಹೊಸ ಮಡಕೆಯ ಮೈಯಿಂದ ನೀರು ತಾನಾಗಿ ಜಿನುಗುತ್ತದೆ. ಜಿನುಗುವುದು ಬಹಳ ನಿಧಾನವಾಯಿತೆಂದು ತಳಕ್ಕೆ ತೂತು ಕೊರೆದು ಬತ್ತಿ ಇಡಲು ಹೊರಟಾಗ ಆಯಾ ಉಳಿಯನ್ನು ಕಿತ್ತುಕೊಂಡಳು. ತೂತು ಹಾಕಿದ ನೀರಿನ ಕೊಡ ಚಿತೆಯ ಸುತ್ತ ತಿರುಗುವಾಗ ಹೆಗಲ ಮೇಲೆ ಇರುವಂಥದ್ದು. "ಬಸುರಿಯರು ಬರೋ ಬಾಗಿಲಿಗೆ ಅದನ್ನ ಇಡ್ತೀರೇನು? ಬಾಟ್ಲಿದೊಂದು ಸಾಲಲಿಲ್ಲೇನು ನಿಮಗ?" ನಮ್ಮ ಮನೆತನದಲ್ಲಿ ಸತ್ತವರನ್ನು ಸುಡದೆ ಹೂಳುವುದರಿಂದ ಆ ಕೊಡ ನನ್ನ ಮನಸ್ಸಿಗೇ ಬಂದಿರಲಿಲ್ಲ. ತೂತು ಹಾಕಲಿಲ್ಲ. ಬಾಯಿಗೆ ಬಟ್ಟಲು ಮುಚ್ಚಿ, ಜಿನುಗಿದಷ್ಟೇ ಜಿನುಗಲಿ ಎಂದು ಬಿಟ್ಟೆ. ಎರೆ ಕುಗ್ಗಿದಾಗ ಮಡಕೆಗಳು ಸೀಳುತ್ತಿದ್ದವು. ಮತ್ತೆ ತರುತ್ತಿದ್ದೆ. ಡಾಕ್ಟರಿಗೆ ವರ್ಗವಾಯಿತು. ನಾನು ಹೀಗೆ ಎರಡು ಬೇಸಿಗೆ ತಳ್ಳಿದೆ.

ಹೆಂಡತಿಯನ್ನು ಎತ್ತಿ ತಂದಿದ್ದ ಆ ಗಂಡ ಮತ್ತೆ ಬರಲಿಲ್ಲ. ಆದರೆ ಕಥೆ ಎಲ್ಲ ಕಡೆ ಹೋಯಿತು. ತೆಕ್ಕಲಕೋಟೆಯ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತವನೊಬ್ಬ, ನಾನು ಯಾರೆಂದು ತಿಳಿಯದೆ, ಆ ದವಾಖಾನೆಯಲ್ಲಿ ಗಿಡಗಳಿಗೆ ಗ್ಲೂಕೋಸ್ ಹಚ್ಚಿ ಮಂದಿಯನ್ನು ಸಾಯಿಸಿದರೆಂದು ಹೇಳಿದ. ಹಾಗಲ್ಲ ಎಂದು ಮೊದಲಿನಿಂದ ವಿವರಿಸಿದೆ. "ನೀವು ಅಲ್ಲಿದ್ರೇನು?" ಎಂದ. ಇದ್ದೆ ಎಂದೆ. "ಹಂಗಾರ ನಿಮಗ ಹಂಗ ಹೇಳಾಕ ಬರತೈತಿ ಬಿಡ್ರಿ," ಎಂದು ಕಿಟಕಿಯ ಕಡೆ ತಿರುಗಿದ. ಹೆರಿಗೆಗೆ ಬರುವವರು ಕಡಿಮೆಯಾಗಿದ್ದರು. ಯಾರನ್ನು ಉಳಿಸಿಕೊಳ್ಳಬೇಕೆಂದು ಗಿಡ ನೆಟ್ಟೆವೋ ಅವರೇ ಆ ಗಿಡಗಳ ಸುದ್ದಿ ಕೇಳಿ ಬೇರೆ ದಾರಿ ಹಿಡಿಯುತ್ತಿದ್ದರು. ಇದನ್ನು ಯಾರಿಗೆ ಹೇಳುವುದು?

ಮೂರನೆಯ ಬೇಸಿಗೆಯ ಒಂದು ಮಧ್ಯಾಹ್ನ ದೂರದ ಊರಿನ ಬಂಡಿಯೊಂದು ಬಂದು ನಿಂತಿತು. ನೋವು ಶುರುವಾದ ಒಬ್ಬ ಹುಡುಗಿ, ಜೊತೆಗೆ ಅವಳ ಅತ್ತೆ. ಅತ್ತೆ ಇಳಿದವಳೇ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಕೇಳಿದಳು.

"ಗಿಡಕ್ಕ ಗ್ಲೂಕೋಸ್ ಹಚ್ಚೋ ದವಾಖಾನಿ ಇದ ಏನ್ರಿ?"

ಮತ್ತೆ ಬಂತಲ್ಲ ಎಂದುಕೊಂಡೆ. "ಗ್ಲೂಕೋಸ್ ಅಲ್ಲ ಯಮ್ಮಾ, ಬರೇ ನೀರು. ಅದನ್ನೂ ತೆಗದು ಎರಡು ವರ್ಷ ಆತು."

"ಯಾಕ ಮುಚ್ಚತೀರಿ? ನಾವೇನು ಕಸಗೊಂಡು ಹೋಗ್ತೀವೇನು?" ಎಂದಳು ಅತ್ತೆ. "ಗಿಡಕ್ಕ ಹಚ್ಚುವಷ್ಟು ಬಾಟ್ಲಿ ಅದಾವು ಅಂತ ಕೇಳೇ ನಾವು ಹತ್ತಿರದ್ದು ಬಿಟ್ಟು ಇಲ್ಲಿತನ ಬಂದೀವಿ. ನನ್ನ ಸೊಸಿಗೆ ಎರಡು ಹಚ್ಚಿಬಿಡ್ರಿ. ಹೆರಿಗಿ ಸಸಾರ ಆಗತೈತಿ."

 ಎಷ್ಟು ಬಾಯಿಗಳಲ್ಲಿ ತಿರುಗಿ ಕಥೆ ಹೀಗೆ ಮಗುಚಿಕೊಂಡಿತ್ತೋ. ನರ್ಸಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಹೂಂ ಎಂದು ಒಂದು ಬಾಟಲಿ ತೂಗುಹಾಕಿದ್ದರೆ ಮುಗಿಯುತ್ತಿತ್ತು. ಅಂದು ಸಾಯುತ್ತಿದ್ದವಳಿಗಾಗಿ ಹಾಕಿದ್ದೆ. ಇವಳು ಗಟ್ಟಿಯಾಗಿದ್ದಳು, ನಾಡಿ ಚೆನ್ನಾಗಿತ್ತು, ಬಾಟಲಿಯ ಅಗತ್ಯವೇ ಇರಲಿಲ್ಲ.

"ನಿಮ್ಮ ಸೊಸಿಗೆ ಬಾಟ್ಲಿ ಬೇಕಾಗಿಲ್ಲ ಯಮ್ಮಾ," ಎಂದೆ. "ನರ್ಸಮ್ಮ ಅದಾರ. ಚಂದಾಗಿ ಹೆರಿಗಿ ಮಾಡಸ್ತಾರ. ಸುಳ್ಳ ಹೇಳಿ ಹಚ್ಚಂಗಿಲ್ಲ."

"ಹಂಗಾರ ತಿರುಗಸೋ ಬಂಡಿ," ಎಂದಳು ಅತ್ತೆ, ಬಂಡಿಯವನಿಗೆ. "ಗಿಡಕ್ಕ ಕೊಡೋರು ಮನಷ್ಯಾರಿಗೆ ಕೊಡಂಗಿಲ್ಲಂತ."

ಬಂಡಿಯವನು ಎತ್ತುಗಳನ್ನು ತಿರುಗಿಸಿದ. ನಾನು ಬಂಡಿಯ ಹಿಂದಿನ ಹಲಗೆಯನ್ನು ನೋಡುತ್ತಿದ್ದೆ. ಆದರೆ ಬಂಡಿಯಲ್ಲಿ ಹುಡುಗಿ ಇರಲಿಲ್ಲ. ನಾವು ಮಾತಿನಲ್ಲಿದ್ದಾಗ ಅವಳು ತಾನೇ ಇಳಿದು, ಗೋಡೆ ಹಿಡಿದು ನಡೆದು, ಹೊಂಗೆಯ ಕೆಳಗೆ ಕೂತಿದ್ದಳು. ನೆರಳು ಒಬ್ಬಳು ಕೂರುವಷ್ಟು ಇತ್ತು. ಅವಳ ಬೆನ್ನ ಹಿಂದೆ ಗೋಡೆ.

"ಏಳು, ಹೋಗೋಣು," ಎಂದಳು ಅತ್ತೆ.

"ನಾ ಬಂಡಿ ಹತ್ತಂಗಿಲ್ಲ, ಅತ್ತಿ."

"ಇಲ್ಲಿ ಬಾಟ್ಲಿ ಇಲ್ಲಂತಲ್ಲ!"

"ಇರದಿದ್ರ ಬಿಡ್ರಿ. ಇಲ್ಲಿ ತಂಪೈತಿ." ನೋವು ಬಂದು ಅವಳು ಹೊಂಗೆಯ ಕಾಂಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಳೆಯ ಮರ ತುದಿಯವರೆಗೆ ಅಲುಗಿತು. ನೋವು ಇಳಿದ ಮೇಲೆ ಹೇಳಿದಳು: "ಬೇಕಾದ್ರ ನೀವು ಹೋಗಿ ಬರ್ರಿ."

ನರ್ಸಮ್ಮ ಇನ್ನೊಂದು ಮಾತಿಗೆ ಕಾಯದೆ ಬಂದು ಅವಳನ್ನು ಎಬ್ಬಿಸಿ ಒಳಗೆ ಕರೆದೊಯ್ದರು. ಬಾಗಿಲು ಮುಚ್ಚಿತು.

ಅತ್ತೆ ಹೋಗಲಿಲ್ಲ. ಸೊಸೆ ಎದ್ದ ಜಾಗದಲ್ಲೇ ಹೊಂಗೆಯ ಕೆಳಗೆ ಕೂತಳು, ಸೆರಗಿನಿಂದ ಬೆವರು ಒರೆಸಿಕೊಂಡಳು. ನಾನು ಒಂದು ಚೊಂಬು ನೀರು ತಂದುಕೊಟ್ಟೆ. ಕುಡಿದಳು.  ಕೂಸಿನ ಅಳು ಕೇಳುವವರೆಗೂ ಆಗಾಗ ತಲೆಯೆತ್ತಿ, ಕೊಂಬೆಗಳನ್ನು ಅತ್ತಿತ್ತ ಸರಿಸಿ, ನಾನು ಬಾಟಲಿಯನ್ನು ಯಾವ ಎಲೆಯ ಮರೆಯಲ್ಲಿ ಕಟ್ಟಿದ್ದೇನೆ ಎಂದು ಹುಡುಕುತ್ತಲೇ ಇದ್ದಳು.